ಗೌರವಕ್ಕೂ ಅದೇ ‘ಮೊ’

ನಿಮ್ಮ ಲೇಖನ ಓದಿದೆ, ಚೆನ್ನಾಗಿದೆ. ಆದರೆ ಅದರಲ್ಲಿ, ಮೆಕ್ಸಿಕೋದ ನಾವಾಟ್ಲ್ ಭಾಷೆಯಲ್ಲಿ ಕ್ರಿಯಾಪದಕ್ಕೆ ಸೇರುವ ‘ಮೊ’ ಅಂದರೆ ‘ತನ್ನನ್ನು ತಾನು’ ಅಂತ ಹೇಳಿ ಸುಮ್ನೆ ಬಿಟ್ಟಿದ್ದೀರಿ. ಮಜಾ ಇರುವುದೇ ಅದರ ಮುಂದೆ.

‘ನೋಯಿಸಿಕೊಳ್ಳು’ ಅನ್ನುವಲ್ಲಿ ಬರುವ ನಮ್ಮ ‘ಕೊಳ್ಳು’ ಕ್ರಿಯಾಪದದ ಕೊನೆಗೆ ಸೇರುತ್ತದೆ, ಯಾರು ಮಾಡಿದರೂ ಅದೇ. ಹಳೆಯ ನಾವಾಟ್ಲ್‌ನಲ್ಲಿ ‘ಮೊ’ ಕ್ರಿಯಾಪದಕ್ಕಿಂತ ಮೊದಲೇ ಬರುತ್ತದೆ, ಆಳಿಗೆ ತಕ್ಕಂತೆ ಬದಲಾಗುತ್ತದೆ. ‘ಕೊಕೋವ’ ಅಂದರೆ ನೋಯಿಸು. ‘ನಿನೊಕೊಕೋವ’ ಅಂದರೆ ನನ್ನನ್ನೇ ನೋಯಿಸಿಕೊಳ್ಳುತ್ತೇನೆ ಅಂತಲ್ಲ, ನನಗೆ ಹುಷಾರಿಲ್ಲ ಅಂತ! ‘ನಿ’ ನಾನು, ‘ನೊ’ ನನ್ನನ್ನು. ನೀನು ಆದರೆ ‘ತಿಮೊಕೊಕೋವ’, ಅವನು ಆದರೆ ಬರೀ ‘ಮೊಕೊಕೋವ’. ‘ಚೀವ’ ಅಂದರೆ ಮಾಡು, ‘ಮೊಚೀವ’ ಅಂದರೆ ಆಗುತ್ತದೆ. ಇಲ್ಲಿ ‘ತಾನು’ ಎಲ್ಲಿದೆ ಹೇಳಿ?

ಇನ್ನು ಗೌರವ. ನಾವು ದೊಡ್ಡವರಿಗೆ ಬಹುವಚನ ಹಾಕುತ್ತೇವೆ, ಅಲ್ವಾ? ನಾವಾಟ್ಲ್ ಆಡುವವರು ಇದೇ ‘ಮೊ’ ಹಾಕುತ್ತಾರೆ. ‘ಕೊಚಿ’ ಅಂದರೆ ಮಲಗುತ್ತಾನೆ. ದೊಡ್ಡವರಾದರೆ ‘ಮೊಕೊಚೀತಿಯ’. ಬಿಡಿಸಿದರೆ ‘ತಮ್ಮನ್ನು ತಾವು ಮಲಗಿಸಿಕೊಳ್ಳುತ್ತಾರೆ’, ಆದರೆ ಕೇಳುವವರಿಗೆ ಮಲಗುತ್ತಾರೆ ಅಂತಷ್ಟೇ. ಹಾಗಾದರೆ ‘ಮೊಕೊಕೋವ’ದಂತೆ ಮೊದಲೇ ‘ಮೊ’ ಇರುವ ಪದಕ್ಕೆ ಗೌರವ ಕೊಡೋದು ಹೇಗೆ? ಅದಕ್ಕೂ ದಾರಿ ಇದೆ. ಕೊನೆಗೆ ‘ತ್ಸಿನೋವ’ ಸೇರಿಸುತ್ತಾರೆ: ‘ಮೊಕೊಕೊತ್ಸಿನೋವ’, ಅವರಿಗೆ ಹುಷಾರಿಲ್ಲ. ಜೆಸ್ಯೂಟ್ ಪಾದ್ರಿ ಒರಾಸಿಯೋ ಕರೋಚಿ 1645ರಲ್ಲಿ ಅಚ್ಚಾದ ತನ್ನ ವ್ಯಾಕರಣದಲ್ಲೇ ಈ ಗೌರವದ ರೂಪಗಳನ್ನು ವಿವರಿಸಿದ್ದಾನೆ.

ಇದೆಲ್ಲ ಹಳೆಯ ಭಾಷೆಯ ಮಾತು. ಈಗಿನ ಎಷ್ಟೋ ಆಡುನುಡಿಗಳಲ್ಲಿ ‘ನೊ’ ಬಿದ್ದುಹೋಗಿ, ‘ನಾನು’ ಇದ್ದರೂ ‘ನಿಮೊ’ ಅಂತಲೇ ಹೇಳುತ್ತಾರೆ.