ಸುಮ್ನೆ ಒಂದ್ಸಲ ಕಣ್ಣಾಡಿಸಿ

ರಾತ್ರಿ ಹನ್ನೊಂದಕ್ಕೆ ಮೊಬೈಲು ಟಿಣ್ ಎಂದಿತು. ವರ್ಷಗಳಿಂದ ಮಾತಿಲ್ಲದ ಪರಿಚಯಸ್ಥರು. "ಸರ್, ಹೇಗಿದ್ದೀರಿ? ಒಂದು ಕತೆ ಬರೆದಿದ್ದೇನೆ. ಸುಮ್ನೆ ಒಂದ್ಸಲ ಕಣ್ಣಾಡಿಸಿ. ನಿಷ್ಠುರವಾಗಿ ಹೇಳಿ, ಬೇಜಾರಿಲ್ಲ." ನಾನು ಹೇಗಿದ್ದೇನೆಂದು ಹೇಳುವ ಮೊದಲೇ ಫೈಲು ಬಂದು ಕೂತಿತ್ತು.

ತೆರೆದರೆ ಕತೆಯೇ ಕಾಣಲಿಲ್ಲ. 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು, ಮೊಬೈಲಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಬದಲಾಯಿಸದೆ ಹಾಗೇ ಕಳಿಸಿದ್ದರು. ಕನ್ನಡ ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರ, ಬ್ರಾಕೆಟ್ಟು, ಚುಕ್ಕಿಗಳ ಸಂತೆ. ಹೊಸ ಬಗೆಯ ಪ್ರಯೋಗವೇನೋ ಎಂದು ಒಂದು ಕ್ಷಣ ಗೌರವವೂ ಹುಟ್ಟಿತು.

ಸರಿಯಾದ ಫೈಲು ಬಂದಾಗ ನೋಡಿದರೆ 3000 ಪದ. ನಿಮಿಷಕ್ಕೆ 150 ಪದದಂತೆ ಓದಿದರೂ 20 ನಿಮಿಷ ಬೇಕು. ಅದು ಬರೀ ಓದಿಗೆ. ಎಲ್ಲಿ ಎಳೆದಾಡಿದೆ, ಯಾವ ಮಾತು ಯಾವ ಪಾತ್ರದ ಬಾಯಿಗೆ ಒಗ್ಗುತ್ತಿಲ್ಲ ಎಂದು ಗುರುತು ಹಾಕಲು ಇನ್ನೊಮ್ಮೆ ಓದಬೇಕು. ಅದನ್ನು ನೋಯದ ಹಾಗೆ ಬರೆದು ಕಳಿಸಲು ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಬಿಟ್ಟಿಯಾಗಿ ಕೇಳಬಾರದು ಅಂತಲ್ಲ, ನಾವೆಲ್ಲ ಹಾಗೇ ಕಲಿತವರು. ಆದರೆ ಬೆಳಗ್ಗೆ ಏಳಕ್ಕೇ "ಓದಿದ್ರಾ ಸರ್?" ಎಂದರೆ ಸಾಲ ಕೊಟ್ಟವರು ಯಾರು, ತಗೊಂಡವರು ಯಾರು ಅನ್ನೋದೇ ಮರೆತುಹೋಗುತ್ತದೆ.

"ಹೇಗಿದೆ?" ಅನ್ನುವುದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿಲ್ಲ. "ಕೊನೆ ಗಡಿಬಿಡಿ ಆಯ್ತಾ?", "ಕಾಗುಣಿತ ನೋಡಿ ಸಾಕು" ಎಂದರೆ ಓದುವವನಿಗೆ ಹಿಡಿಯಲು ಒಂದು ತುದಿ ಸಿಗುತ್ತದೆ. ಇದು ಮೊದಲ ಕರಡೋ ಅಲ್ಲವೋ ಅಂತಲೂ ಹೇಳಬೇಕು. ಸ್ಪರ್ಧೆಗೆ ಕಳಿಸಿಯಾದ ಮೇಲೆ ಅಭಿಪ್ರಾಯ ಕೇಳುವವರೂ ಇದ್ದಾರೆ. ಅವರಿಗೆ ಬೇಕಾಗಿರೋದು ಹಾರೈಕೆ. ಕೊಟ್ಟುಬಿಡುತ್ತೇನೆ.

ಈ ಕತೆಯಲ್ಲಿ ಮೂರನೇ ಪುಟದಲ್ಲಿ ಸತ್ತ ಅಜ್ಜಿ ಏಳನೇ ಪುಟದಲ್ಲಿ ಬಂದು ಬಾಗಿಲು ತೆಗೆಯುತ್ತಾಳೆ. ನಯವಾಗಿಯೇ ತಿಳಿಸಿದೆ. "ಅದು ಬೇಕಂತಲೇ ಮಾಡಿದ್ದು ಸರ್. ಸಂಕೇತ. ನಿಮಗೆ ಹೊಳೆಯಲಿಲ್ವಾ?" ಎಂಬ ಉತ್ತರ ಬಂತು. ಮರುದಿನ ತಿದ್ದಿದ ಕತೆ ಬಂತು. ಅಜ್ಜಿ ಇರಲಿಲ್ಲ, ಬಾಗಿಲನ್ನು ಅತ್ತೆ ತೆಗೆದಿದ್ದಳು. ಥ್ಯಾಂಕ್ಸೂ ಇರಲಿಲ್ಲ.

ನಗುವ ಹಕ್ಕು ನನಗೂ ಇಲ್ಲ ಬಿಡಿ. ಕಳೆದ ವಾರ ಗೆಳತಿಯೊಬ್ಬಳಿಗೆ ನನ್ನ ಪ್ರಬಂಧ ಕಳಿಸಿ, ನಿಷ್ಠುರವಾಗಿ ಹೇಳು ಎಂದಿದ್ದೆ. "ಮೊದಲ ಎರಡು ಪ್ಯಾರಾ ತೆಗೆದುಬಿಡು. ಅಲ್ಲಿ ನೀನು ಇನ್ನೂ ಗಂಟಲು ಸರಿಮಾಡಿಕೊಳ್ತಾ ಇದ್ದೀಯ" ಎಂದಳು. ನನಗೆ ತುಂಬ ಇಷ್ಟವಾಗಿದ್ದೇ ಆ ಎರಡು ಪ್ಯಾರಾ. ಅವು ಯಾಕೆ ಬೇಕು ಎಂದು ಪ್ರಬಂಧಕ್ಕಿಂತ ಉದ್ದದ ಉತ್ತರ ಟೈಪ್ ಮಾಡಿದೆ. ಕಳಿಸಲಿಲ್ಲ, ಪುಣ್ಯ. ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಮೂರನೇ ದಿನ ಆ ಪ್ಯಾರಾಗಳನ್ನು ಅಳಿಸಿ ಓದಿಕೊಂಡೆ. ಅವಳು ಹೇಳಿದ್ದೇ ಸರಿ.

"ಥ್ಯಾಂಕ್ಸ್ ಕಣೇ, ತೆಗೆದೆ" ಎಂದು ಕಳಿಸಿದೆ. ಕೂಡಲೇ ಉತ್ತರ ಬಂತು: "ಸರಿ. ಹೋದ ತಿಂಗಳು ನನ್ನ ಪದ್ಯ ಕಳಿಸಿದ್ದೆನಲ್ಲ, ತೆಗೆದಾದರೂ ನೋಡಿದ್ಯಾ?"