ಅರವತ್ತು ಹೋಮ್ ರನ್ನಿಗೆ ಎಷ್ಟು ಬೆಲೆ ಕಟ್ಟಬೇಕು?

ಅಮೆರಿಕದ ಬೇಸ್‌ಬಾಲಿನ ಮೇಜರ್ ಲೀಗಿನಲ್ಲಿ ಸಿಯಾಟಲ್ ಮ್ಯಾರಿನರ್ಸ್ ತಂಡದ ಕ್ಯಾಚರ್ ಕ್ಯಾಲ್ ರಾಲೀ 2025ರ ಋತುವಿನಲ್ಲಿ 60 ಹೋಮ್ ರನ್ (ಸಾಮಾನ್ಯವಾಗಿ ಚೆಂಡನ್ನು ಮೈದಾನದ ಬೇಲಿಯಾಚೆ ದಾಟಿಸುವ ಪೆಟ್ಟು) ಬಾರಿಸಿದರು. ಅದಕ್ಕೆ ಮೊದಲು ಕ್ಯಾಚರ್ ಒಬ್ಬರ ದಾಖಲೆ 48 ಆಗಿತ್ತು. 2021ರಲ್ಲಿ ಕ್ಯಾನ್ಸಸ್ ಸಿಟಿಯ ಸಾಲ್ವಡಾರ್ ಪೆರೆಸ್ ಅದನ್ನು ಬರೆದಿದ್ದರು. ಪಂದ್ಯದುದ್ದಕ್ಕೂ ಮೊಣಕಾಲು ಮಡಿಸಿ ಕುಳಿತು ಚೆಂಡು ಹಿಡಿಯುವ ಆಟಗಾರನೊಬ್ಬ ಈ ಮಟ್ಟ ಮುಟ್ಟಿದ್ದನ್ನು ನೋಡಿ ನಾನು ಮನಸಾರೆ ಸಂತೋಷಪಟ್ಟೆ. ಆದರೆ ನಮ್ಮ ಫ್ಯಾಂಟಸಿ ಬೇಸ್‌ಬಾಲ್ ಲೀಗಿನ ಮಾರ್ಚ್ ತಿಂಗಳ ಹರಾಜಿನಲ್ಲಿ ಅವರ ಹೆಸರು ಬಂದಾಗ ಆ 60ಕ್ಕೆ ನಾನು ಹಣ ಕೊಡುವುದಿಲ್ಲ. ಏಕೆ ಕೊಡುವುದಿಲ್ಲ ಎಂಬುದನ್ನು, ಈ ವರ್ಷ ನಮ್ಮ ಲೀಗಿಗೆ ಹೊಸದಾಗಿ ಸೇರಿರುವ ಇಬ್ಬರು ಕನ್ನಡದ ಗೆಳೆಯರು ಕೇಳಿದ್ದರಿಂದ, ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಆಟದ ನಿಯಮ ತಿಳಿಯದವರಿಗೆ ಎರಡು ಮಾತು. ಭಾರತದಲ್ಲಿ ನಾವು ಕಂಡ ಫ್ಯಾಂಟಸಿ ಕ್ರಿಕೆಟ್ ಹೆಚ್ಚಾಗಿ ಒಂದು ಪಂದ್ಯಕ್ಕೆ ಹನ್ನೊಂದು ಜನರನ್ನು ಆರಿಸುವ ಆಟ. ಬೇಸ್‌ಬಾಲಿನ ಫ್ಯಾಂಟಸಿ ಹಾಗಲ್ಲ. ಒಂದು ತಂಡಕ್ಕೆ 162 ಪಂದ್ಯಗಳಿರುವ ಇಡೀ ಋತುವಿಗೆ ಒಮ್ಮೆಲೇ ಆಟಗಾರರನ್ನು ಹಂಚಿಕೊಳ್ಳಬೇಕು. 1980ರಲ್ಲಿ ನ್ಯೂಯಾರ್ಕಿನಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಅವರ ಸ್ನೇಹಿತರು ಇದಕ್ಕೆ ಒಂದು ರೂಪ ಕೊಟ್ಟರು; ಅವರು ಸೇರುತ್ತಿದ್ದ ಫ್ರೆಂಚ್ ಹೋಟೆಲಿನ ಹೆಸರಿನಿಂದಲೇ ಅದು ರೊಟಿಸರಿ ಎನಿಸಿಕೊಂಡಿತು. ನಮ್ಮದೂ ಅದೇ ಬಗೆ. ಹನ್ನೆರಡು ಮಂದಿ, ಪ್ರತಿಯೊಬ್ಬರಿಗೂ ಕಾಗದದ ಮೇಲಿನ 260 ಡಾಲರ್, ಅದರಲ್ಲಿ 23 ಆಟಗಾರರು. ಬ್ಯಾಟಿಂಗಿನಲ್ಲಿ ರನ್, ಹೋಮ್ ರನ್, ಆರ್‌ಬಿಐ (ತನ್ನ ಬ್ಯಾಟಿಂಗಿನಿಂದ ತಂಡಕ್ಕೆ ತಂದ ರನ್ನುಗಳು), ಸ್ಟೀಲ್ (ಪಿಚರನ ಕಣ್ಣು ತಪ್ಪಿಸಿ ಮುಂದಿನ ನೆಲೆಗೆ, ಅಂದರೆ ಬೇಸಿಗೆ, ಓಡಿ ತಲುಪುವುದು), ಸರಾಸರಿ (ಬೇಸ್ ತಲುಪಿಸಿದ ಪೆಟ್ಟುಗಳ ಪ್ರಮಾಣ) ಎಂಬ ಐದು ವಿಭಾಗಗಳು. ಪಿಚಿಂಗಿನಲ್ಲಿ, ಅಂದರೆ ಚೆಂಡೆಸೆತದಲ್ಲಿ, ಗೆಲುವು, ಸೇವ್ (ತಂಡದ ಮುನ್ನಡೆಯನ್ನು ಉಳಿಸಿ ಪಂದ್ಯ ಮುಗಿಸುವುದು), ಸ್ಟ್ರೈಕ್‌ಔಟ್ (ಬ್ಯಾಟರನನ್ನು ಮೂರು ಸ್ಟ್ರೈಕಿಗೆ ಔಟ್ ಮಾಡುವುದು), ಇಆರ್‌ಎ (ಒಂಬತ್ತು ಇನಿಂಗ್ಸಿಗೆ ಪಿಚರನ ಲೆಕ್ಕಕ್ಕೆ ಬರುವ ರನ್; ಕಡಿಮೆಯಿದ್ದಷ್ಟೂ ಒಳ್ಳೆಯದು), ವಿಪ್ (ಇನಿಂಗ್ಸಿಗೆ ಎಷ್ಟು ಬ್ಯಾಟರುಗಳನ್ನು ಬೇಸಿಗೆ ಬಿಟ್ಟರು ಎಂಬ ಲೆಕ್ಕ) ಎಂಬ ಐದು. ಪ್ರತಿ ವಿಭಾಗದಲ್ಲಿ ಮೊದಲು ಬಂದವರಿಗೆ ಹನ್ನೆರಡು ಅಂಕ, ಕೊನೆಯವರಿಗೆ ಒಂದು.

ಹೋದ ಋತುವಿನ ಯಾವುದೇ ಅಂಕಿಯನ್ನು ತೆಗೆದುಕೊಂಡರೂ ಅದರಲ್ಲಿ ಮೂರು ಪಾಲು ಬೆರೆತಿರುತ್ತವೆ. ಒಂದು ಪಾಲು ಆಟಗಾರನ ಸ್ವಂತದ್ದು, ಇನ್ನೊಂದು ಅವನ ತಂಡ ಮತ್ತು ಮೈದಾನ ಕೊಟ್ಟದ್ದು, ಮತ್ತೊಂದು ಆ ವರ್ಷದ ಅದೃಷ್ಟದ್ದು. ಮುಂದಿನ ವರ್ಷಕ್ಕೆ ಆಟಗಾರ ತನ್ನೊಡನೆ ನಿಶ್ಚಯವಾಗಿ ತರುವುದು ಮೊದಲನೆಯದನ್ನು ಮಾತ್ರ. ಬೆಲೆ ಕಟ್ಟುವ ಕೆಲಸವೆಂದರೆ ಈ ಮೂರನ್ನು ಬಿಡಿಸಿ ನೋಡುವ ಕೆಲಸವೇ ಎಂದು ನಾನು ಬಲವಾಗಿ ನಂಬಿದ್ದೇನೆ.

ರಾಲೀ ಅವರ ಲೆಕ್ಕಕ್ಕೇ ಮರಳುತ್ತೇನೆ. 2023ರಲ್ಲಿ ಅವರು ಹೊಡೆದದ್ದು 30, 2024ರಲ್ಲಿ 34, ಆಮೇಲೆ 60. ಟಾಮ್ ಟ್ಯಾಂಗೋ ಎಂಬ ವಿಶ್ಲೇಷಕರು ಮಾರ್ಸೆಲ್ ಎಂಬ ಹೆಸರಿನ ಒಂದು ಅಂದಾಜು ಪದ್ಧತಿಯನ್ನು ರೂಪಿಸಿದ್ದಾರೆ. ಮಂಗವೊಂದೂ ಮಾಡಬಹುದಾದಷ್ಟು ಸರಳವಾದ ಲೆಕ್ಕ ಎಂಬ ಅರ್ಥದಲ್ಲಿ ಅದಕ್ಕೆ ಮಂಗದ ಹೆಸರನ್ನೇ ಇಟ್ಟರು. ಕಳೆದ ಮೂರು ವರ್ಷಗಳಿಗೆ ಹೊಸದರಿಂದ ಹಳೆಯದಕ್ಕೆ ಐದು, ನಾಲ್ಕು, ಮೂರು ಎಂಬ ತೂಕ ಕೊಡುವುದು, ಬಂದದ್ದನ್ನು ಲೀಗಿನ ಸರಾಸರಿಯ ಕಡೆಗೆ ಸ್ವಲ್ಪ ಎಳೆಯುವುದು, ಕೊನೆಗೆ ವಯಸ್ಸಿಗೆ ತಕ್ಕಂತೆ ತಿದ್ದುವುದು, ಇಷ್ಟೇ ಅದರ ಕ್ರಮ. ಎಷ್ಟು ಸರದಿ ಆಡಿದರು ಎಂಬ ಸೂಕ್ಷ್ಮವನ್ನು ಬದಿಗಿಟ್ಟು ಸ್ಥೂಲವಾಗಿ ಹಾಕಿದರೆ 60, 34, 30 ಈ ಮೂರರ ತೂಕದ ಸರಾಸರಿ ಸುಮಾರು 44 ಆಗುತ್ತದೆ. ಸರಾಸರಿಯ ಕಡೆಗೆ ಎಳೆದ ಮೇಲೆ 40ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ದೊಡ್ಡ ದೊಡ್ಡ ಗಣಕ ಮಾದರಿಗಳು ಬಂದಿರುವ ಈ ಕಾಲದಲ್ಲೂ ಇಷ್ಟು ಸರಳವಾದ ಲೆಕ್ಕ ನಮ್ಮ ಹರಾಜಿನ ಉತ್ಸಾಹಕ್ಕಿಂತ ಸತ್ಯಕ್ಕೆ ಹತ್ತಿರವಿರುತ್ತದೆ ಎಂಬುದು ನನ್ನ ಅನುಭವ.

ಹಾಗೆಂದು ರಾಲೀ ಅಗ್ಗವಾಗಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಲೀಗಿನಲ್ಲಿ ಪ್ರತಿ ತಂಡಕ್ಕೂ ಇಬ್ಬರು ಕ್ಯಾಚರುಗಳು ಬೇಕು, ಅಂದರೆ ಒಟ್ಟು 24 ಮಂದಿ. ಮೇಜರ್ ಲೀಗಿನಲ್ಲಿರುವುದೇ 30 ತಂಡಗಳು. ಆದ್ದರಿಂದ ಕೊನೆಗೆ ಒಂದು ಡಾಲರಿಗೆ ಸಿಗುವ ಕ್ಯಾಚರ್ ವಾರಕ್ಕೆ ಮೂರು ನಾಲ್ಕು ದಿನ ಮಾತ್ರ ಆಡುವ, ಸರಾಸರಿಯನ್ನು ಕೆಳಗೆಳೆಯುವ ಆಟಗಾರನಾಗಿರುತ್ತಾನೆ. ಒಂದು ಡಾಲರಿಗೆ ಸಿಗುವ ಔಟ್‌ಫೀಲ್ಡರ್ ಅಷ್ಟು ಕಳಪೆಯಾಗಿರುವುದಿಲ್ಲ. ಬೆಲೆಯನ್ನು ಅಳೆಯಬೇಕಾದದ್ದು ಈ ಅಂತರದಿಂದಲೇ ಹೊರತು ಒಟ್ಟು ಹೋಮ್ ರನ್ನುಗಳಿಂದಲ್ಲ. ಕ್ಯಾಚರ್ ಸ್ಥಾನದಿಂದ ಬರುವ 40 ಹೋಮ್ ರನ್ನಿಗೆ ಫಸ್ಟ್ ಬೇಸ್‌ನಿಂದ ಬರುವ 40ಕ್ಕಿಂತ ಹೆಚ್ಚು ಕೊಡುವುದು ನ್ಯಾಯ. ಇದರ ಮೇಲೆ, ಕ್ಯಾಚಿಂಗ್ ಮಾಡದ ದಿನಗಳಲ್ಲೂ ಅವರು ಡಿಎಚ್ ಆಗಿ, ಅಂದರೆ ಫೀಲ್ಡಿಂಗಿಲ್ಲದೆ ಬ್ಯಾಟಿಂಗ್ ಮಾತ್ರ ಮಾಡುವವರಾಗಿ, ಬ್ಯಾಟ್ ಹಿಡಿಯುತ್ತಾರೆ. ಹೋದ ವರ್ಷ 159 ಪಂದ್ಯಗಳಲ್ಲಿ ಆಡಿದರು. 40 ಹೋಮ್ ರನ್ ಮತ್ತು ಅಷ್ಟೂ ಸರದಿಗಳು, ಇವೆರಡಕ್ಕೆ ನಾನು 30 ಡಾಲರಿನವರೆಗೆ ಹೋಗುತ್ತೇನೆ. ಅದರ ಮೇಲೆ ಹೋಗುವವರು ಹೋಗಲಿ.

ಸ್ಟೀಲ್ ವಿಭಾಗದಲ್ಲಿ ಇನ್ನೂ ಎಚ್ಚರ ಬೇಕು ಎನ್ನಿಸುತ್ತದೆ. 2023ರಲ್ಲಿ ಬೇಸುಗಳ ಅಗಲವನ್ನು 15 ಅಂಗುಲದಿಂದ 18ಕ್ಕೆ ಏರಿಸಿದರು, ಪಿಚರ್ ಇಷ್ಟು ಸಮಯದೊಳಗೆ ಚೆಂಡೆಸೆಯಬೇಕೆಂದು ಗಡಿಯಾರ ತಂದರು, ಓಟಗಾರನನ್ನು ಕಟ್ಟಿಹಾಕಲು ಪಿಚರ್ ಮಾಡುವ ಪ್ರಯತ್ನಗಳಿಗೆ ಮಿತಿ ಹಾಕಿದರು. 2022ರಲ್ಲಿ ಇಡೀ ಮೇಜರ್ ಲೀಗಿನಲ್ಲಿ 2,486 ಸ್ಟೀಲುಗಳಿದ್ದವು; ಮರುವರ್ಷ 3,503 ಆದವು. ಎಲ್ಲರ ಬಳಿಯೂ ಹೆಚ್ಚಾದ ವಸ್ತುವಿನ ಬೆಲೆ ಇಳಿಯಬೇಕು, ಆದರೆ ಹಳೆಯ ಲೆಕ್ಕದಲ್ಲೇ 30 ಸ್ಟೀಲಿಗೆ ಕೈಬಿಚ್ಚಿ ಹಣ ಸುರಿಯುವವರು ಈಗಲೂ ಇದ್ದಾರೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದದ್ದು. ಸ್ಟೀಲ್ ಎಂಬುದು ಕಾಲಿನ ವೇಗಕ್ಕಿಂತ ಹೆಚ್ಚಾಗಿ ಮನಸ್ಸಿನ ನಿರ್ಧಾರ. ಶೋಹೆ ಒಟಾನಿ 2024ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯ ಕಾರಣ ಪಿಚ್ ಮಾಡಲಿಲ್ಲ. ಆ ವರ್ಷ 54 ಹೋಮ್ ರನ್ನುಗಳ ಜೊತೆ 59 ಸ್ಟೀಲ್ ಮಾಡಿದರು. 2025ರಲ್ಲಿ ಮತ್ತೆ ಪಿಚಿಂಗಿಗೆ ಇಳಿದರು. ಹೋಮ್ ರನ್ 55ಕ್ಕೆ ಏರಿತು, ಸ್ಟೀಲ್ 20ಕ್ಕೆ ಇಳಿಯಿತು. ಅವರ ಕಾಲು ಒಂದೇ ವರ್ಷದಲ್ಲಿ ಸೋತುಹೋಯಿತೆಂದು ಯಾರೂ ಹೇಳಲಾರರು. ಪಿಚ್ ಮಾಡಬೇಕಾದ ಶರೀರವನ್ನು ಅವರೂ ಅವರ ತಂಡವೂ ಕಾಪಾಡಿಕೊಂಡರು, ಅಷ್ಟೇ. ಸಿನ್ಸಿನಾಟಿಯ ಎಲಿ ಡಿ ಲಾ ಕ್ರೂಸ್ 67ರಿಂದ 37ಕ್ಕೆ ಇಳಿದದ್ದು ಬೇರೆ ಕಾರಣದಿಂದ. ಅವರು ತೊಡೆಯ ಸ್ನಾಯುವಿನ ಗಾಯವನ್ನಿಟ್ಟುಕೊಂಡೇ ಆಡಿದರು. ಹಾಗಾಗಿ ಅವರ 37ನ್ನು ನಾನು ಇಳಿಜಾರಿನ ಗುರುತಾಗಿ ಕಾಣುವುದಿಲ್ಲ, ಗಾಯ ಮಾಗಿದರೆ ಸಂಖ್ಯೆ ಮತ್ತೆ ಏರುತ್ತದೆ ಎಂದೇ ಲೆಕ್ಕ ಹಾಕುತ್ತೇನೆ.

ಈ ಎಲ್ಲದರ ನಡುವೆ ಹ್ವಾನ್ ಸೋಟೊ ಅವರ ಪ್ರಶ್ನೆ ನನ್ನನ್ನು ಅತಿ ಹೆಚ್ಚು ಕಾಡಿತು. ಮೆಟ್ಸ್ ತಂಡದ ಈ ಬ್ಯಾಟರ್ 2025ಕ್ಕೆ ಮೊದಲು ಯಾವ ಋತುವಿನಲ್ಲೂ 12ಕ್ಕಿಂತ ಹೆಚ್ಚು ಸ್ಟೀಲ್ ಮಾಡಿದವರಲ್ಲ. ಓಟದ ವೇಗದಲ್ಲಿ ಅವರು ಲೀಗಿನ ನಿಧಾನಗತಿಯವರ ಸಾಲಿಗೆ ಸೇರುತ್ತಾರೆ. ಅಂಥವರು 43 ಹೋಮ್ ರನ್ನುಗಳ ಜೊತೆಗೆ 38 ಸ್ಟೀಲ್ ಮಾಡಿ ನ್ಯಾಷನಲ್ ಲೀಗಿನಲ್ಲಿ (ಮೇಜರ್ ಲೀಗಿನ ಎರಡು ಭಾಗಗಳಲ್ಲೊಂದು) ಜಂಟಿಯಾಗಿ ಮೊದಲ ಸ್ಥಾನಕ್ಕೆ ಬಂದರು. ಪಿಚರ್ ಕಾಲೆತ್ತುವ ಕ್ಷಣವನ್ನು ಓದಿ ಅವರು ಹೊರಡುತ್ತಿದ್ದ ಬಗೆಯನ್ನು ನೋಡಿದವರಿಗೆ ಅದು ಬರೀ ಅದೃಷ್ಟವಲ್ಲ ಎಂಬುದು ಗೊತ್ತು. ಆದರೆ ಆ ಕಲಿಕೆಯ ಹಿಂದೆ ಫಸ್ಟ್ ಬೇಸ್ ಕೋಚ್ ಆಂಟುವಾನ್ ರಿಚರ್ಡ್‌ಸನ್ ಇದ್ದರು, ಮತ್ತು ಋತು ಮುಗಿದ ಮೇಲೆ ಅವರು ಆ ತಂಡವನ್ನು ಬಿಟ್ಟು ಅಟ್ಲಾಂಟಾಗೆ ಹೋದರು. ಕಲಿತ ವಿದ್ಯೆ ಸೋಟೊ ಅವರಲ್ಲೇ ಉಳಿದಿದೆ ಎಂದು ಇಟ್ಟುಕೊಂಡರೂ, ಪಕ್ಕದಲ್ಲಿ ನಿಂತು ಹುರಿದುಂಬಿಸುವವರು ಇಲ್ಲದ ವರ್ಷದಲ್ಲಿ ಅವರು ಅಷ್ಟೇ ಸಲ ಓಡಲು ಬಯಸುತ್ತಾರೆಯೇ? ನನ್ನ ಹಾಳೆಯಲ್ಲಿ ಅವರ ಹೆಸರಿನ ಮುಂದೆ 18 ಸ್ಟೀಲ್ ಎಂದು ಬರೆದಿದ್ದೇನೆ. 18ರೊಂದಿಗೂ ಅವರು ಮೊದಲ ಹತ್ತು ಆಟಗಾರರಲ್ಲಿ ಇರುತ್ತಾರೆ, ಏಕೆಂದರೆ ಸ್ಟ್ರೈಕ್ ವಲಯದ ಹೊರಗಿನ ಚೆಂಡನ್ನು ಬಿಡುವ ಅವರ ಕಣ್ಣು ಪೂರ್ತಿ ಅವರದ್ದೇ. ಅದನ್ನು ಯಾವ ಕೋಚ್ ಕೂಡ ತನ್ನೊಡನೆ ಕೊಂಡೊಯ್ಯಲಾರ.

ಬ್ಯಾಟಿಂಗ್ ಸರಾಸರಿಯನ್ನು ಕ್ರಿಕೆಟಿನ ಕಣ್ಣಿನಿಂದ ನೋಡಿ ಬೆಳೆದ ನಮಗೆ ಬೇಸ್‌ಬಾಲಿನ ಸರಾಸರಿ ಎಷ್ಟು ಚಂಚಲ ಎಂಬುದು ಒಮ್ಮೆಗೇ ಮನಸ್ಸಿಗೆ ಹತ್ತುವುದಿಲ್ಲ. ಲೂಯಿಸ್ ಅರಾಯೆಸ್ 2022ರಿಂದ 2024ರವರೆಗೆ ಮೂರು ಬೇರೆ ತಂಡಗಳಲ್ಲಿದ್ದು ಸತತ ಮೂರು ವರ್ಷ ಸರಾಸರಿಯಲ್ಲಿ ತಮ್ಮ ಲೀಗಿಗೆ ಮೊದಲಿಗರಾದವರು. 2023ರಲ್ಲಿ 34 ಸ್ಟ್ರೈಕ್‌ಔಟುಗಳೊಂದಿಗೆ ಅವರ ಸರಾಸರಿ 0.354 ಇತ್ತು. 2025ರಲ್ಲಿ ಸ್ಟ್ರೈಕ್‌ಔಟುಗಳು 21ಕ್ಕೆ ಇಳಿದವು, ಆದರೂ ಸರಾಸರಿ 0.292ಕ್ಕೆ ಕುಸಿಯಿತು. ಚೆಂಡನ್ನು ಮುಟ್ಟುವ ಕೌಶಲ ಹಾಗೇ ಇದ್ದಾಗ, ಮುಟ್ಟಿದ ಚೆಂಡು ಫೀಲ್ಡರ್ ಇಲ್ಲದ ಜಾಗದಲ್ಲಿ ಬೀಳುವುದೋ ಅವನ ಕೈಗೇ ಹೋಗುವುದೋ ಎಂಬುದರ ಮೇಲೆ ಇಷ್ಟು ದೊಡ್ಡ ಏರಿಳಿತ ಸಾಧ್ಯ. ಅವರಂತೆ ಮೆದುವಾಗಿ ಹೊಡೆಯುವವರಿಗೆ ಅದು ಇನ್ನೂ ಹೆಚ್ಚು. ಬ್ಯಾಟರನ ಸ್ಟ್ರೈಕ್‌ಔಟ್ ಪ್ರಮಾಣ ಸುಮಾರು 60 ಸರದಿಗಳಲ್ಲೇ ನಂಬಬಹುದಾದ ಒಂದು ಹದಕ್ಕೆ ಬರುತ್ತದೆ, ಸರಾಸರಿಗೆ ಇಡೀ ಋತುವಿನ ಸರದಿಗಳೂ ಸಾಲುವುದಿಲ್ಲ. ಆದ್ದರಿಂದ ನಾನು ಮೊದಲು ನೋಡುವುದು ಸ್ಟ್ರೈಕ್‌ಔಟ್ ಮತ್ತು ವಾಕ್‌ಗಳನ್ನು (ನಾಲ್ಕು ತಪ್ಪೆಸೆತಗಳಿಗೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್), ಆಮೇಲೆ ಬ್ಯಾಟಿನಿಂದ ಚೆಂಡು ಹೊರಡುವ ವೇಗವನ್ನು. 2015ರಿಂದ ಪ್ರತಿ ಮೈದಾನದಲ್ಲೂ ಸ್ಟ್ಯಾಟ್‌ಕಾಸ್ಟ್ ಎಂಬ ಮಾಪನ ವ್ಯವಸ್ಥೆ ಈ ವೇಗವನ್ನು ಅಳೆಯುತ್ತಿದೆ, ಮತ್ತು ಗಂಟೆಗೆ 95 ಮೈಲಿ ಮೀರಿದ ಪೆಟ್ಟುಗಳು ಎಷ್ಟೆಂಬುದು ಯಾರು ಬೇಕಾದರೂ ನೋಡಬಹುದಾದ ಮಾಹಿತಿ.

ಮೈದಾನದ ಪಾಲನ್ನು ಕಳೆಯುವುದು ಇದಕ್ಕಿಂತ ಸುಲಭ. ಡೆನ್ವರ್ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿದೆ. ತೆಳುವಾದ ಗಾಳಿಯಲ್ಲಿ ಚೆಂಡು ದೂರ ಹೋಗುತ್ತದೆ, ಪಿಚರನ ಕರ್ವ್ ಎಸೆತ ಸರಿಯಾಗಿ ತಿರುಗುವುದಿಲ್ಲ. ಅಲ್ಲಿನ ಬ್ಯಾಟರುಗಳ ಹೊರ ಊರಿನ ಅಂಕಿಗಳನ್ನು ನೋಡದೆ ಕೊಳ್ಳಬೇಡಿ. ಟ್ಯಾಂಪಾ ಬೇ ರೇಸ್ ತಂಡ 2024ರ ಚಂಡಮಾರುತದಲ್ಲಿ ತನ್ನ ಮೈದಾನದ ಚಾವಣಿ ಹಾಳಾದ ಕಾರಣ 2025ರಲ್ಲಿ ಬಯಲು ಮೈದಾನವೊಂದರಲ್ಲಿ ಆಡಿತು. ಈ ವರ್ಷ ಮತ್ತೆ ಚಾವಣಿಯ ಕೆಳಗೆ ಹೋಗುತ್ತದೆ. ಆ ತಂಡದ ಜೂನಿಯರ್ ಕಮಿನೆರೊ 22ನೇ ವಯಸ್ಸಿನಲ್ಲಿ 45 ಹೋಮ್ ರನ್ ಹೊಡೆದರು. ಮೈದಾನ ಬದಲಾದದ್ದಕ್ಕೆ ನಾನು ನಾಲ್ಕೈದು ಕಳೆಯುತ್ತೇನೆ, ಹೆಚ್ಚಲ್ಲ. ಬ್ಯಾಟ್ ಬೀಸುವ ವೇಗದಲ್ಲಿ ಲೀಗಿನ ಮುಂಚೂಣಿಯಲ್ಲಿರುವ ಆ ಹುಡುಗನ ಶಕ್ತಿ ಮೈದಾನ ಕೊಟ್ಟದ್ದಲ್ಲ.

ಪಿಚರುಗಳ ವಿಷಯದಲ್ಲಿ ನಮ್ಮ ಲೀಗಿನ ಹಳಬರೂ ಪ್ರತಿ ವರ್ಷ ಎಡವುವುದು ಗೆಲುವಿನ ಸಂಖ್ಯೆಯನ್ನು ನೋಡಿ. ಪಿಟ್ಸ್‌ಬರ್ಗಿನ ಪಾಲ್ ಸ್ಕೀನ್ಸ್ 2025ರಲ್ಲಿ 1.97 ಇಆರ್‌ಎ, 216 ಸ್ಟ್ರೈಕ್‌ಔಟುಗಳೊಂದಿಗೆ, ಅತ್ಯುತ್ತಮ ಪಿಚರನಿಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು. ಅವರ ಗೆಲುವು ಹತ್ತು, ಸೋಲೂ ಹತ್ತು. ತಂಡ ರನ್ ಗಳಿಸದಿದ್ದರೆ ಪಿಚರ್ ಏನು ಮಾಡಲು ಸಾಧ್ಯ? 2018ರಲ್ಲಿ ಜೇಕಬ್ ಡಿಗ್ರೋಮ್ 1.70 ಇಆರ್‌ಎ ಇಟ್ಟುಕೊಂಡೂ ಹತ್ತೇ ಪಂದ್ಯ ಗೆದ್ದಿದ್ದರು. ವೊರೋಸ್ ಮೆಕ್ರ್ಯಾಕನ್ ಎಂಬ ವಿಶ್ಲೇಷಕರು 2001ರಲ್ಲಿ ಮಂಡಿಸಿದ ವಾದ ಇಂದಿಗೂ ನನಗೆ ದಾರಿ ತೋರಿಸುತ್ತದೆ: ಸ್ಟ್ರೈಕ್‌ಔಟ್, ವಾಕ್, ಹೋಮ್ ರನ್ ಈ ಮೂರು ಪಿಚರನ ಹಿಡಿತದಲ್ಲಿವೆ, ಮೈದಾನದೊಳಗೆ ಬಿದ್ದ ಚೆಂಡು ಹಿಟ್ ಆಗುವುದೋ ಔಟ್ ಆಗುವುದೋ ಎಂಬುದರ ಮೇಲೆ ಅವನಿಗಿರುವ ಹಿಡಿತ ಬಹಳ ಕಡಿಮೆ. ಸ್ಟ್ರೈಕ್‌ಔಟುಗಳು ಹೆಚ್ಚಿದ್ದು, ವಾಕ್‌ಗಳು ಕಡಿಮೆಯಿದ್ದು, ಇಆರ್‌ಎ ಮಾತ್ರ ಕೆಟ್ಟಿರುವ ಪಿಚರನನ್ನು ಹತ್ತು ಡಾಲರಿನೊಳಗೆ ಕೊಂಡುಕೊಳ್ಳುವುದು ಇಡೀ ಹರಾಜಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಕೆಲಸ.

ಆದರೆ ಪಿಚರನ ತೋಳು ಎಂಥವರ ಲೆಕ್ಕವನ್ನೂ ಅಳಿಸಿಹಾಕಬಲ್ಲದು. ಅಟ್ಲಾಂಟಾದ ಸ್ಪೆನ್ಸರ್ ಸ್ಟ್ರೈಡರ್ 2023ರಲ್ಲಿ 281 ಸ್ಟ್ರೈಕ್‌ಔಟ್ ಮಾಡಿ, ಮರುವರ್ಷದ ಫ್ಯಾಂಟಸಿ ಡ್ರಾಫ್ಟುಗಳಲ್ಲಿ (ಹರಾಜಿನ ಬದಲು ಸರದಿಯಂತೆ ಆಟಗಾರರನ್ನು ಆರಿಸುವ ಬಗೆ) ಪಿಚರುಗಳ ಪೈಕಿ ಮೊದಲಿಗರಾಗಿ ಹೋದರು. ಎರಡೇ ಪಂದ್ಯಗಳಾದ ಮೇಲೆ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾದರು. ಗೆರಿಟ್ ಕೋಲ್ 2025ರ ಮಾರ್ಚ್‌ನಲ್ಲೇ ಇಡೀ ಋತುವನ್ನು ಕಳೆದುಕೊಂಡರು. ಇದಕ್ಕಾಗಿಯೇ ನನ್ನ 260ರಲ್ಲಿ ಪಿಚರುಗಳಿಗೆ 80 ಡಾಲರಿಗಿಂತ ಹೆಚ್ಚು ಎತ್ತಿಡುವುದಿಲ್ಲ. ಅದರಲ್ಲೂ ಕ್ಲೋಸರುಗಳಿಗೆ, ಅಂದರೆ ಕೊನೆಯ ಇನಿಂಗ್ಸ್ ಎಸೆದು ಸೇವ್ ಗಳಿಸುವವರಿಗೆ, ದೊಡ್ಡ ಮೊತ್ತ ಕೊಡಲು ನನಗೆ ಮನಸ್ಸಾಗುವುದಿಲ್ಲ. ವರ್ಷಕ್ಕೆ ಅರವತ್ತು ಎಪ್ಪತ್ತು ಇನಿಂಗ್ಸ್ ಮಾತ್ರ ಎಸೆಯುವವರ ಅಂಕಿಗಳನ್ನು ಎರಡು ಕೆಟ್ಟ ವಾರಗಳು ಕೆಡಿಸುತ್ತವೆ, ಕೋಚ್ ಮನಸ್ಸು ಬದಲಿಸಿದರೆ ಸೇವ್‌ಗಳೇ ನಿಂತುಹೋಗುತ್ತವೆ. ಮಿಲ್ವಾಕಿಯಲ್ಲಿ ಇಆರ್‌ಎ ಎರಡರ ಒಳಗಿದ್ದ ಡೆವಿನ್ ವಿಲಿಯಮ್ಸ್ ಯಾಂಕೀಸ್ ಸೇರಿದ ವರ್ಷ 4.79ಕ್ಕೆ ಹೋದದ್ದು ಹೋದ ಋತುವಿನಲ್ಲೇ.

ಕ್ಲೋಸರ್ ಎಡ್ವಿನ್ ಡಿಯಾಸ್ ಅವರದ್ದು ಮರೆಯಲಾಗದ ಉದಾಹರಣೆ. 2022ರಲ್ಲಿ 62 ಇನಿಂಗ್ಸಿಗೆ 118 ಸ್ಟ್ರೈಕ್‌ಔಟ್ ಮಾಡಿದ್ದ ಅವರು, 2023ರ ಮಾರ್ಚ್ 15ರಂದು ದೇಶದೇಶಗಳ ನಡುವಿನ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಟೂರ್ನಿಯಲ್ಲಿ ಪೋರ್ಟೊ ರಿಕೊ ಗೆದ್ದ ಸಂಭ್ರಮದಲ್ಲಿ ಕುಣಿಯುವಾಗ ಮೊಣಕಾಲಿನ ಸ್ನಾಯುರಜ್ಜು ಹರಿದುಕೊಂಡು ಇಡೀ ಋತು ಹೊರಗುಳಿದರು. ಅದಕ್ಕೆ ಮೊದಲೇ ಹರಾಜು ಮುಗಿಸಿದ್ದ ಲೀಗುಗಳಲ್ಲಿ ಅವರನ್ನು ಕೊಂಡವರಿಗೆ ಮಾಡಲು ಏನೂ ಉಳಿಯಲಿಲ್ಲ. 2026ರ ಈ ಮಾರ್ಚ್‌ನಲ್ಲಿ ಅದೇ ಟೂರ್ನಿ ಮತ್ತೆ ಇದೆ. ಫೈನಲ್ 17ರಂದು ಮಯಾಮಿಯಲ್ಲಿ. ಆದ್ದರಿಂದ ನಮ್ಮ ಹರಾಜನ್ನು ಮಾರ್ಚ್ 7ರ ಬದಲು 21ರ ಶನಿವಾರಕ್ಕೆ ಇಟ್ಟುಕೊಳ್ಳೋಣ ಎಂದು ಲೀಗಿನ ಹನ್ನೊಂದು ಮಂದಿಯನ್ನೂ ಕೇಳಿಕೊಳ್ಳುತ್ತೇನೆ. ಆ ದಿನ ಆಗದವರು ಈ ವಾರದೊಳಗೆ ತಿಳಿಸಿ.