ನನಗೂ ನನಗೂ ವ್ಯಾಜ್ಯ

ಬದುಕಿದ್ದಾಗ ಅಮ್ಮ ಕಂಪನಿ, ಅದರ ಒಡೆತನದ ಮಗಳು ಕಂಪನಿ, ಮೊಮ್ಮಗಳು ಕಂಪನಿ ಎಲ್ಲವೂ ಒಬ್ಬನೇ ಅಕೌಂಟೆಂಟ್ ಕೈಯಲ್ಲಿ ಹಾಯಾಗಿದ್ದವು. ಈ ಲೆಕ್ಕದ ಹಣ ಆ ಲೆಕ್ಕಕ್ಕೆ ಹೋದರೆ ಚೀಟಿ ಬರೆಯುವವರಿಲ್ಲ, ಕೇಳುವವರೂ ಇಲ್ಲ. ‘ನಮ್ಮವರೇ ಅಲ್ಲವೇ’ ಅಂದರೆ ಮುಗಿಯಿತು. ಮೂರೂ ದಿವಾಳಿ ಎದ್ದ ಮೇಲೆ ಶುರುವಾಗುತ್ತದೆ ನೋಡಿ: ಅಂದು ಕೊಟ್ಟದ್ದು ಸಾಲವೋ, ಬಂಡವಾಳವೋ, ಬರೀ ಪ್ರೀತಿಯೋ?

ಉತ್ತರ ಹುಡುಕಬೇಕಾದವನು ಲಿಕ್ವಿಡೇಟರ್, ಅಂದರೆ ಮುಳುಗಿದ ಕಂಪನಿಯ ಆಸ್ತಿ ಮಾರಿ ಸಾಲ ಕೊಟ್ಟವರಿಗೆ ಹಂಚುವವನು. ಖರ್ಚು ಉಳಿಯಲಿ ಎಂದು ಅಮ್ಮನಿಗೂ ಮಗಳಿಗೂ ಒಬ್ಬನನ್ನೇ ನೇಮಿಸಿರುತ್ತಾರೆ. ಬೆಳಿಗ್ಗೆ ಆತ ಅಮ್ಮನ ಪರವಾಗಿ ಮಗಳ ಮೇಲೆ ಕ್ಲೇಮು ಬರೆಯುತ್ತಾನೆ. ಮಧ್ಯಾಹ್ನ ಮೇಜಿನ ಆಚೆ ಬದಿಗೆ ಹೋಗಿ ಕೂತು, ಅದನ್ನು ಒಡೆದು ಓದಿ, ‘ಮಾನ್ಯರೇ, ತಮ್ಮ ಕ್ಲೇಮಿಗೆ ದಾಖಲೆ ಸಾಲದು’ ಎಂದು ಉತ್ತರಿಸುತ್ತಾನೆ. ಸಂಜೆ ಈಚೆ ಬದಿಗೆ ಬಂದು ಅದೇ ಉತ್ತರ ಓದಿ ಕೆರಳುತ್ತಾನೆ. ರಾಜಿ ಮಾಡಿಕೊಳ್ಳೋಣವೆಂದರೆ ಯಾರ ಜೊತೆ? ಅಮ್ಮನಿಗೆ ಬಿಟ್ಟುಕೊಟ್ಟರೆ ಮಗಳಿಗೆ ಸಾಲ ಕೊಟ್ಟವರು ಕೊರಳಪಟ್ಟಿ ಹಿಡಿಯುತ್ತಾರೆ, ಮಗಳಿಗೆ ಬಿಟ್ಟರೆ ಅಮ್ಮನ ಕಡೆಯವರು. ಕೊನೆಗೆ ಕೋರ್ಟಿಗೆ ಅರ್ಜಿ: ‘ಸ್ವಾಮಿ, ನನಗೂ ನನಗೂ ವ್ಯಾಜ್ಯ ಬಿದ್ದಿದೆ, ದಾರಿ ತೋರಿಸಿ.’

ಇಂಗ್ಲಿಷ್ ಕಾನೂನಿನ ಜಾಡಿನಲ್ಲಿ ನಡೆಯುವ ಕೋರ್ಟುಗಳು ಇಂಥ ಅರ್ಜಿಗೆ ನಗುವುದಿಲ್ಲ. ಈ ಜಗಳದ ಮಟ್ಟಿಗೆ ಇನ್ನೊಬ್ಬ ಲಿಕ್ವಿಡೇಟರ್ ಬರಲಿ, ಇಲ್ಲವೇ ಎರಡೂ ಕಡೆಗೆ ಬೇರೆ ಬೇರೆ ವಕೀಲರಿರಲಿ ಎನ್ನುತ್ತವೆ. ನ್ಯಾಯವಾದ ಮಾತೇ. ಒಬ್ಬರಿದ್ದ ಕಡೆ ಇಬ್ಬರಾಗುತ್ತಾರೆ, ಇಬ್ಬರ ಹಿಂದೆ ಎರಡು ವಕೀಲರ ತಂಡ. ಖರ್ಚು ಉಳಿಸಲೆಂದೇ ಒಬ್ಬನನ್ನು ಇಟ್ಟದ್ದಲ್ಲವೇ ಎಂದು ಈ ಹಂತದಲ್ಲಿ ನೆನಪಿಸುವುದು ಅಸಭ್ಯತೆ. ಇವರ ಫೀಜು ಹೋಗುವುದು ಅದೇ ಉಳಿದ ಹಣದಿಂದ. ಒತ್ತೆಯಿಲ್ಲದೆ ಸಾಲ ಕೊಟ್ಟವರ ಸರದಿ ಅದಾದ ಮೇಲೆ.

ಇದಕ್ಕೆಲ್ಲ ಬೀಜ ಬಿದ್ದದ್ದು 1896ರ ಲಂಡನ್ನಿನಲ್ಲಿ. ಬೂಟು ತಯಾರಿಸುತ್ತಿದ್ದ ಆರನ್ ಸಾಲೊಮನ್‌ನ ಕಂಪನಿಯಲ್ಲಿ 20,007 ಷೇರು, ಅದರಲ್ಲಿ 20,001 ಅವನವೇ. ಉಳಿದ ಆರು, ಹೆಂಡತಿ ಮಕ್ಕಳಿಗೆ ತಲೆಗೊಂದು. ಆದರೂ ಸಾಲೊಮನ್ ಬೇರೆ, ಅವನ ಕಂಪನಿ ಬೇರೆ, ಅದಕ್ಕೆ ಅವನು ಸಾಲ ಕೊಟ್ಟವನೂ ಆಗಬಹುದು ಎಂದಿತು ಅಂದಿನ ಬ್ರಿಟನ್ನಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್. ಅಂದಿನಿಂದ ಮನುಷ್ಯ ತನಗೆ ತಾನೇ ಸಾಲಗಾರನಾಗುವುದು ಗೌರವಸ್ಥರ ಕಸುಬು.

ಈ ಕಸುಬಿನ ಮಹಾಯಾಗ ನೋಡಬೇಕೆಂದರೆ ಕೆನಡಾದ ನಾರ್ಟೆಲ್. ಟೆಲಿಕಾಂ ದೈತ್ಯ 2009ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಮಾರಬಹುದಾದದ್ದನ್ನೆಲ್ಲ ಮಾರಿ ಸುಮಾರು 730 ಕೋಟಿ ಡಾಲರ್ ಕೂಡಿಬಂತು. ಪೇಟೆಂಟುಗಳಿಂದಲೇ 450 ಕೋಟಿ. ಹಣ ಬಂದದ್ದು ಸುಲಭ. ಕೆನಡಾ ನಾರ್ಟೆಲ್, ಅಮೆರಿಕ ನಾರ್ಟೆಲ್, ಯುರೋಪ್ ನಾರ್ಟೆಲ್ ಈ ಮೂವರಲ್ಲಿ ಯಾರದು ಎಷ್ಟು ಎಂಬುದು ಮಾತ್ರ ಬಗೆಹರಿಯಲಿಲ್ಲ. ಹಣವನ್ನು ಬೀಗ ಹಾಕಿಟ್ಟರು. 2014ರಲ್ಲಿ ಕೆನಡಾದ ಟೊರಾಂಟೊ ಮತ್ತು ಅಮೆರಿಕದ ಡೆಲವೇರ್ ಕೋರ್ಟುಗಳನ್ನು ವಿಡಿಯೊದಲ್ಲಿ ಜೋಡಿಸಿ ಇಬ್ಬರು ನ್ಯಾಯಾಧೀಶರು ಏಕಕಾಲಕ್ಕೆ ವಿಚಾರಣೆ ನಡೆಸಿದರು. 2015ರ ಮೇ ತಿಂಗಳಲ್ಲಿ ಇಬ್ಬರೂ ಒಂದೇ ದಿನ ತೀರ್ಪಿತ್ತರು: ಯಾವ ಕಂಪನಿಯ ಮೇಲೆ ಎಷ್ಟು ಕ್ಲೇಮು ಒಪ್ಪಿತವೋ, ಹೆಚ್ಚುಕಡಿಮೆ ಆ ಪ್ರಮಾಣದಲ್ಲಿ ಹಂಚಿಕೊಳ್ಳಿ! ಸಮಾರಾಧನೆಯಲ್ಲಿ ಬಡಿಸುವವನಿಗೂ ಹೊಳೆಯುವ ಸೂತ್ರ. ಅದಕ್ಕೂ ಮೇಲ್ಮನವಿ. ರಾಜಿಯಾದದ್ದು 2016ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ವಕೀಲರು, ಸಲಹೆಗಾರರು ಸುಮಾರು 200 ಕೋಟಿ ಡಾಲರ್ ಬಿಲ್ ಮಾಡಿದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಇಲ್ಲಿ ಕೂಸು ಅಂದರೆ ಪಿಂಚಣಿಯವರು ಮತ್ತು ಕಾಯಿಲೆ ಬಿದ್ದ ನೌಕರರು. ಕೆನಡಾದಲ್ಲಿ ದೀರ್ಘಕಾಲದ ಅನಾರೋಗ್ಯದಿಂದ ಕೆಲಸ ಬಿಟ್ಟವರಿಗೆ ಬರುತ್ತಿದ್ದ ಭತ್ಯೆ 2010ರ ಕೊನೆಗೇ ನಿಂತುಹೋಗಿತ್ತು.

ನಮ್ಮ ಲಿಕ್ವಿಡೇಟರ್ ಎಲ್ಲಿ ಹೋದ ಅಂದಿರಾ? ಅಮ್ಮ ಮಗಳ ಜಗಳ ಅಂತೂ ಮುಗಿಯಿತು. ಮುಗಿಸಿದ್ದಕ್ಕೆ ಆದ ಖರ್ಚು ಅಮ್ಮನ ಲೆಕ್ಕಕ್ಕೋ ಮಗಳ ಲೆಕ್ಕಕ್ಕೋ ಎಂಬ ಚಿಕ್ಕ ಪ್ರಶ್ನೆ ಉಳಿದಿದೆ. ಆತ ಕೋರ್ಟಿಗೆ ಅರ್ಜಿ ಬರೆಯುತ್ತಿದ್ದಾನೆ.